ಎಲುಬಿನ ಋಣ

ಮನುಷ್ಯನು ಹುಟ್ಟುವಾಗಲೇ ಸಾಲಗಾರನಾಗಿ ಹುಟ್ಟುತ್ತಾನೆಂಬ ವಿಚಾರ ಭಾರತೀಯ ಧರ್ಮಚಿಂತನೆಯಲ್ಲಿ ಬಹಳ ಹಳೆಯದು. ತೈತ್ತಿರೀಯ ಸಂಹಿತೆಯು ಋಷಿಋಣ, ದೇವಋಣ, ಪಿತೃಋಣ ಎಂಬ ಮೂರು ಸಾಲಗಳನ್ನು ಹೆಸರಿಸಿ, ಬ್ರಹ್ಮಚರ್ಯದ ಅಧ್ಯಯನದಿಂದ ಮೊದಲನೆಯದೂ ಯಜ್ಞದಿಂದ ಎರಡನೆಯದೂ ಸಂತಾನದಿಂದ ಮೂರನೆಯದೂ ತೀರುತ್ತವೆಂದು ಹೇಳುತ್ತದೆ. ಈ ಲೆಕ್ಕದಲ್ಲಿ ತಾಯಿಗೆ ಪ್ರತ್ಯೇಕವಾದ ಖಾತೆಯಿಲ್ಲ. ಸಂತಾನವಾದ ಕೂಡಲೇ ಪಿತೃಗಳ ಸಾಲ ತೀರಿತೆಂದು ಮನೆ ನೆಮ್ಮದಿಪಡುತ್ತದೆಯೇ ಹೊರತು, ಆ ಸಂತಾನವನ್ನು ಹೊತ್ತು ಹೆತ್ತವಳಿಗೆ ಸಲ್ಲಬೇಕಾದ ಹೊಸದೊಂದು ಸಾಲ ಅದೇ ಕ್ಷಣದಲ್ಲಿ ಹುಟ್ಟಿಕೊಂಡಿತೆಂಬುದನ್ನು ನೆನೆಯುವುದಿಲ್ಲ.

ವೈದ್ಯಗ್ರಂಥಗಳ ಹಂಚಿಕೆಯೂ ಇದಕ್ಕೆ ಹೊಂದಿಕೆಯಾಗಿಯೇ ಇದೆ. ಚರಕಸಂಹಿತೆಯ ಶಾರೀರಸ್ಥಾನವು ಗರ್ಭದ ಅವಯವಗಳನ್ನು ವಿಂಗಡಿಸುವಾಗ ಚರ್ಮ, ರಕ್ತ, ಮಾಂಸ, ಮೇದಸ್ಸು, ಹೃದಯ ಮೊದಲಾದ ಮೃದುಭಾಗಗಳನ್ನು ಮಾತೃಜವೆಂದೂ, ಅಂದರೆ ತಾಯಿಯಿಂದ ಬಂದವೆಂದೂ, ಕೂದಲು, ಉಗುರು, ಹಲ್ಲು, ಎಲುಬು ಮೊದಲಾದ ಗಟ್ಟಿಭಾಗಗಳನ್ನು ಪಿತೃಜವೆಂದೂ ಕರೆಯುತ್ತದೆ. ಎಲುಬಿನ ಆಕಾರ, ಅಳತೆಗಳ ಆನುವಂಶಿಕ ಗುಣವು ತಂದೆತಾಯಿಗಳಿಬ್ಬರಿಂದಲೂ ಬರುತ್ತದೆಂಬುದು ಇಂದು ತಿಳಿದಿರುವ ಮಾತು. ಆದರೆ ಆ ಆಕಾರವನ್ನು ತುಂಬುವ ದ್ರವ್ಯ, ಎಂದರೆ ಎಲುಬನ್ನು ಗಟ್ಟಿಗೊಳಿಸುವ ಸುಣ್ಣದಂಶವಾದ ಕ್ಯಾಲ್ಸಿಯಂ, ಒಂದು ಕಣವೂ ಬಿಡದೆ ತಾಯಿಯ ರಕ್ತದಿಂದಲೇ ಬರುತ್ತದೆ. ತುಂಬುದಿಂಗಳಿಗೆ ಹುಟ್ಟಿದ ಶಿಶುವಿನ ಮೈಯಲ್ಲಿ ಸುಮಾರು 30 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಹಾಗಾದರೆ ಈ 30 ಗ್ರಾಂ ಯಾರ ಸ್ವತ್ತು, ಅದನ್ನು ಕೊಟ್ಟವಳಿಗೆ ಸಲ್ಲಬೇಕಾದುದೇನು, ಸಲ್ಲಿಸಬೇಕಾದವರು ಯಾರು ಎಂಬ ಪ್ರಶ್ನೆ ವೈದ್ಯಕೀಯದ್ದೆಂದು ತೋರಿದರೂ ಮೂಲದಲ್ಲಿ ಧರ್ಮದ ಪ್ರಶ್ನೆ. ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನ ಅನಂತಪುರದಂಥ ಊರುಗಳಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವುಂಟು; ಏಕೆಂದರೆ ಅಲ್ಲಿ ಬಿಸಿಲಿಗೂ ಕೊರತೆಯಿಲ್ಲ, ಉತ್ತರವನ್ನು ಒಳಗೊಂಡಿರುವ ಧರ್ಮಪರಂಪರೆಗೂ ಕೊರತೆಯಿಲ್ಲ.

ಮೊದಲು ಈ ಕೊಡುಕೊಳ್ಳುವಿಕೆಯ ಬಗೆಯನ್ನು ತಿಳಿಯಬೇಕು. ಗರ್ಭದೊಳಗಿನ ಕೂಸು ಕ್ಯಾಲ್ಸಿಯಮ್ಮನ್ನು ಬೇಡಿ ಪಡೆಯುವುದಿಲ್ಲ. ತಾಯಿಗೂ ಕೂಸಿಗೂ ನಡುವಣ ಸೇತುವೆಯಾದ ಮಾಸು ಅದನ್ನು ತಾಯಿಯ ರಕ್ತದಿಂದ ಎಳೆದು ದಾಟಿಸುತ್ತದೆ. ಈ ಎಳೆತ ಎಷ್ಟು ಬಲವಾದುದೆಂದರೆ ಹೊಕ್ಕುಳಬಳ್ಳಿಯ ರಕ್ತದಲ್ಲಿ ಕ್ಯಾಲ್ಸಿಯಮ್ಮಿನ ಪ್ರಮಾಣ ತಾಯಿಯ ರಕ್ತದಲ್ಲಿರುವುದಕ್ಕಿಂತಲೂ ಹೆಚ್ಚಾಗಿರುತ್ತದೆ. ಒಟ್ಟು 30 ಗ್ರಾಮಿನಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಕೊನೆಯ ಮೂರು ತಿಂಗಳಲ್ಲೇ ಸಂಗ್ರಹವಾಗುತ್ತದೆ. ಆಗ ದಿನಕ್ಕೆ 300 ಮಿಲಿಗ್ರಾಂವರೆಗೂ ಕ್ಯಾಲ್ಸಿಯಂ ಕೂಸಿನ ಕಡೆಗೆ ಹರಿಯುತ್ತದೆ. ಈ ವೆಚ್ಚವನ್ನು ಭರಿಸಲೆಂದೇ ಬಸುರಿಯ ಕರುಳು ಆಹಾರದಿಂದ ಕ್ಯಾಲ್ಸಿಯಮ್ಮನ್ನು ಹೀರಿಕೊಳ್ಳುವ ಶಕ್ತಿಯನ್ನು ಸುಮಾರು ಇಮ್ಮಡಿಯಾಗಿಸಿಕೊಳ್ಳುತ್ತದೆ. ಆದರೆ ಹೀರಲು ಊಟದಲ್ಲಿಯೇ ಸಾಕಷ್ಟು ಇಲ್ಲದಿದ್ದರೆ ಇಮ್ಮಡಿಯಾದ ಶಕ್ತಿಯೂ ಬರಿದೇ ಆಗುತ್ತದೆ, ಆಗ ಕೊರತೆಯನ್ನು ತಾಯಿಯ ಎಲುಬುಗಳೇ ತುಂಬಬೇಕಾಗುತ್ತದೆ. ಹೆರಿಗೆಯ ನಂತರವೂ ಈ ಕೊಡುಗೆ ನಿಲ್ಲುವುದಿಲ್ಲ. ಎದೆಹಾಲಿನ ಮೂಲಕ ದಿನಕ್ಕೆ ಸುಮಾರು 200 ಮಿಲಿಗ್ರಾಂ ಕ್ಯಾಲ್ಸಿಯಂ ಹೋಗುತ್ತಿರುವಾಗ, ಮೊದಲ ಕೆಲವು ತಿಂಗಳಲ್ಲಿ ತಾಯಿಯ ಬೆನ್ನೆಲುಬಿನ ಖನಿಜಾಂಶ ನೂರಕ್ಕೆ 3ರಿಂದ 10ರಷ್ಟು ಇಳಿಯುತ್ತದೆ. ಹಾಲು ಬಿಡಿಸಿದ ಮೇಲೆ ಅದು ಸಾಮಾನ್ಯವಾಗಿ ಮತ್ತೆ ತುಂಬಿಕೊಳ್ಳುತ್ತದೆಂಬುದು ಪ್ರಕೃತಿಯ ಕರುಣೆ. ಆದರೆ ತುಂಬಿಕೊಳ್ಳಲು ಸಮಯವೂ ಆಹಾರವೂ ಬೇಕೆಂಬುದು ಆ ಕರುಣೆಯ ಷರತ್ತು.

ಇದೇ ಕಾಲದ ಬಗ್ಗೆ ಚರಕಸಂಹಿತೆ ಹೇಳುವ ಇನ್ನೊಂದು ವಿಚಾರವು ಇಲ್ಲಿ ನೆನಪಿಗೆ ಬರಬೇಕಾದುದು. ಎಂಟನೆಯ ತಿಂಗಳಲ್ಲಿ ದೇಹದ ಸಾರವಾದ ಓಜಸ್ಸು ರಸವಾಹಿನಿಗಳ ಮೂಲಕ ತಾಯಿಯಿಂದ ಗರ್ಭಕ್ಕೂ ಗರ್ಭದಿಂದ ತಾಯಿಗೂ ಅಸ್ಥಿರವಾಗಿ ಸಂಚರಿಸುತ್ತದೆ, ಅದರಿಂದ ಒಮ್ಮೆ ತಾಯಿ ನಲಿದರೆ ಒಮ್ಮೆ ಬಾಡುತ್ತಾಳೆ ಎಂದು ಅದು ವಿವರಿಸುತ್ತದೆ. ಓಜಸ್ಸು ಮತ್ತು ಕ್ಯಾಲ್ಸಿಯಂ ಒಂದೇ ಎನ್ನುವುದು ತಪ್ಪಾಗುತ್ತದೆ. ಆದರೂ ಇಬ್ಬರ ನಡುವೆ ಜೀವಸಾರ ಹಂಚಿಕೆಯಾಗುವ ಕಾಲವೊಂದಿದೆ, ಆ ಕಾಲದಲ್ಲಿ ಒಬ್ಬರ ತುಂಬುವಿಕೆ ಇನ್ನೊಬ್ಬರ ಬರಿದಾಗುವಿಕೆಯಾಗಬಲ್ಲದು ಎಂಬ ಅರಿವು ಆ ಗ್ರಂಥಕ್ಕಿತ್ತೆಂಬುದನ್ನು ಗೌರವದಿಂದ ಒಪ್ಪಬೇಕು.

ಹೊಕ್ಕುಳಬಳ್ಳಿಯನ್ನು ಕತ್ತರಿಸಿದ ಕ್ಷಣದಲ್ಲಿ ವ್ಯವಸ್ಥೆ ಪೂರ್ತಿಯಾಗಿ ಬದಲಾಗುತ್ತದೆ. ಅಲ್ಲಿಯವರೆಗೆ ಮಾಸು ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಕೂಸಿನ ಕರುಳು ಮಾಡಬೇಕು. ಹುಟ್ಟಿದ ಮೊದಲ ಒಂದೆರಡು ದಿನಗಳಲ್ಲಿ ಕೂಸಿನ ರಕ್ತದ ಕ್ಯಾಲ್ಸಿಯಂ ಸಹಜವಾಗಿಯೇ ಇಳಿದು ಆಮೇಲೆ ಏರುತ್ತದೆ. ಕರುಳು ಈ ಹೊಸ ಕೆಲಸವನ್ನು ಕಲಿತಂತೆಲ್ಲ ಅದಕ್ಕೆ ವಿಟಮಿನ್ ಡಿ ಬೇಕಾಗುತ್ತದೆ. ಇದು ಹೆಸರಿಗೆ ವಿಟಮಿನ್ ಆದರೂ ಮುಖ್ಯವಾಗಿ ಊಟದಿಂದ ಬರುವುದಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಒಂದು ಬಗೆಯವು ಚರ್ಮಕ್ಕೆ ತಾಗಿದಾಗ ಅಲ್ಲಿನ ಕೊಬ್ಬಿನಂಶವೊಂದು ಮಾರ್ಪಟ್ಟು ಇದು ಹುಟ್ಟುತ್ತದೆ, ಆಮೇಲೆ ಯಕೃತ್ತಿನಲ್ಲಿ ಒಂದು, ಮೂತ್ರಪಿಂಡದಲ್ಲಿ ಇನ್ನೊಂದು ರೂಪಾಂತರ ಹೊಂದಿ ಕೆಲಸಕ್ಕೆ ಸಿದ್ಧವಾಗುತ್ತದೆ. ಕೂಸು ಹುಟ್ಟುವಾಗ ತನ್ನೊಂದಿಗೆ ತರುವ ಡಿ ಸಂಗ್ರಹವೆಲ್ಲ ತಾಯಿಯಿಂದ ಪಡೆದದ್ದು, ಅದರ ಪ್ರಮಾಣವೂ ತಾಯಿಯ ರಕ್ತದಲ್ಲಿರುವುದಕ್ಕಿಂತ ಕಡಿಮೆ. ಎದೆಹಾಲು ಇನ್ನೆಲ್ಲದರಲ್ಲೂ ಅಮೃತಸಮಾನವಾಗಿದ್ದರೂ ಅದರಲ್ಲಿ ವಿಟಮಿನ್ ಡಿ ಅತ್ಯಲ್ಪ. ಆದ್ದರಿಂದ ತಾಯಿಯೇ ಬರಿಗೈಯಾಗಿದ್ದರೆ ಕೂಸಿನ ಗಂಟು ಕೆಲವೇ ವಾರಗಳಲ್ಲಿ ಕರಗುತ್ತದೆ. ಆಗ ರಕ್ತದ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಳೆದು ಫಿಟ್ಸ್ ಬರಬಹುದು. ಕೊರತೆ ತಿಂಗಳುಗಟ್ಟಲೆ ಮುಂದುವರಿದರೆ ರಿಕೆಟ್ಸ್ ಎಂಬ ಎಲುಬಿನ ರೋಗ ತಲೆದೋರಿ ನೆತ್ತಿ ಮುಚ್ಚಲು ತಡವಾಗುತ್ತದೆ, ಮಣಿಕಟ್ಟು ದಪ್ಪವಾಗುತ್ತದೆ, ನಡೆಯಲು ಕಲಿತ ಕಾಲುಗಳು ಬಿಲ್ಲಿನಂತೆ ಬಾಗುತ್ತವೆ.

ಅನಂತಪುರವು ಅಥಣಿ ತಾಲೂಕಿನಲ್ಲಿ ಮಹಾರಾಷ್ಟ್ರದ ಗಡಿಗೆ ಹತ್ತಿರವಾಗಿರುವ, ಕೃಷ್ಣಾ ನದಿಯ ದಂಡೆಯ ಕಬ್ಬಿನ ಹಸಿರಿನಿಂದ ದೂರವಾದ ಬಯಲುಸೀಮೆಯ ಊರು. ವರ್ಷದ ಬಹುಪಾಲು ಇಲ್ಲಿ ಬಿಸಿಲೇ ಒಡೆಯ. ಇಂಥ ಸೀಮೆಯಲ್ಲಿ ಸೂರ್ಯನಿಂದ ಬರುವ ಸತ್ತ್ವದ ಕೊರತೆ ಹೇಗೆ ಸಾಧ್ಯವೆಂಬ ಸಂಶಯಕ್ಕೆ ಉತ್ತರ ಆಕಾಶದಲ್ಲಿಲ್ಲ, ಮನೆಯ ಒಳಕೋಣೆಯಲ್ಲಿದೆ. ಉತ್ತರ ಕರ್ನಾಟಕದ ಹಳ್ಳಿಗಳ ಸಾಂಪ್ರದಾಯಿಕ ಬಾಣಂತನದಲ್ಲಿ ಬಾಣಂತಿಯ ಕೋಣೆ ಮನೆಯ ಅತಿ ಒಳಗಿನದು, ಗಾಳಿ ಹೊಗದಂತೆ ಕಿಟಕಿ ಮುಚ್ಚಿದ್ದು. ಹೊರಸಿನ ಕೆಳಗೆ ಕೆಂಡದ ಶೇಗಡಿ, ಅದರಿಂದೇಳುವ ಲೋಬಾನದ ಹೊಗೆ, ತಲೆಗೂ ಕಿವಿಗೂ ಬಿಗಿದ ಬಟ್ಟೆ, ಕೂಸಿಗೆ ಹಣೆಯಿಂದ ಬೆನ್ನಿನವರೆಗೆ ಹೊದಿಸಿದ ಕುಂಚಿಗೆ: ಇವೆಲ್ಲವೂ ಶೀತವಾಗಬಾರದು, ಸೋಂಕು ತಾಗಬಾರದು ಎಂಬ ಅಕ್ಕರೆಯಿಂದಲೇ ಹುಟ್ಟಿದವು. ಆದರೆ ಆ ಕೋಣೆಯಲ್ಲಿ ಬಾಗಿಲಿನ ಸಂದಿಯಿಂದ ನೆಲಕ್ಕೆ ಬೀಳುವ ಒಂದು ಗೆರೆ ಬೆಳಕನ್ನು ಬಿಟ್ಟರೆ ಸೂರ್ಯನಿಗೆ ಪ್ರವೇಶವಿಲ್ಲ, ಆ ಗೆರೆಯೂ ಹೊರಸನ್ನು ಮುಟ್ಟುವುದಿಲ್ಲ. ಹೊರಸಿನ ಮೇಲೆ ಕುಳಿತು ಹಾಲೂಡುವ ತಾಯಿ ಬಿಸಿಲ ನಾಡಿನ ನಡುವೆ ನೆರಳಿನ ದ್ವೀಪವೊಂದರಲ್ಲಿ ವಾಸಿಸುತ್ತಾಳೆ. ಬಾಣಂತನಕ್ಕೆ ಮುಂಚಿನ ದಿನಗಳೂ ಎಲ್ಲರಿಗೂ ಹೊಲದ ಬಿಸಿಲಿನಲ್ಲಿಯೇ ಕಳೆಯುವುದಿಲ್ಲ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಹೆಂಗಸರೂ ಅಥಣಿಯ ಕಡೆ ಚಪ್ಪಲಿಗೆ ಹೆಣಿಗೆ ಹಾಕುವ ಹೆಂಗಸರೂ ದಿನವೆಲ್ಲ ಮಾಡಿನ ಕೆಳಗೆ ತಲೆ ಬಗ್ಗಿಸಿ ಕೂರುವವರು.

ನೆರಳಿಗೂ ಎಲುಬಿಗೂ ಇರುವ ಈ ನಂಟು ಬಹಳ ಹಿಂದೆಯೇ ಗಮನಕ್ಕೆ ಬಂದಿತ್ತು. ಅಥಣಿ, ಚಿಕ್ಕೋಡಿಗಳು ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೇ, ನಾಸಿಕದ ಸುತ್ತ ಮಾಡಿದ ಅಧ್ಯಯನವೊಂದನ್ನು 1922ರಲ್ಲಿ ಪ್ರಕಟಿಸಿದ ಹಚಿಸನ್ ಮತ್ತು ಶಾ ಎಂಬ ವೈದ್ಯರು, ಹೊಲದಲ್ಲಿ ದುಡಿಯುವ ಬಡವರಿಗಿಂತ ಪರದೆಯೊಳಗಿದ್ದ ಅನುಕೂಲಸ್ಥರ ಮನೆಗಳಲ್ಲಿಯೇ ಎಲುಬು ಮೆತ್ತಗಾಗುವ ರೋಗ ಹೆಚ್ಚೆಂದು ತೋರಿಸಿದರು. ಕಾಶ್ಮೀರದಲ್ಲಿ ಕೆಲಸ ಮಾಡಿದ ಕ್ಯಾಥ್ಲೀನ್ ವಾನ್ ಎಂಬ ವೈದ್ಯೆ 1928ರಲ್ಲಿ ಪರದೆ ಪದ್ಧತಿಗೂ ತಾಯ್ತನಕ್ಕೂ ಇರುವ ಸಂಬಂಧವನ್ನು ಕುರಿತು ಪುಸ್ತಕವನ್ನೇ ಬರೆದರು. ದೋಣಿಯ ಮೇಲೆ ಬದುಕುವ ಹೆಂಗಸರಿಗೆ ಸುಲಭವಾಗುತ್ತಿದ್ದ ಹೆರಿಗೆ ಒಳಮನೆಯವರಿಗೆ ಪ್ರಾಣಸಂಕಟವಾಗುತ್ತಿದ್ದುದನ್ನು ಅವರು ಕಂಡಿದ್ದರು. ಲಖನೌದಲ್ಲಿ 207 ಗರ್ಭಿಣಿಯರನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವು ಅವರಲ್ಲಿ ನೂರಕ್ಕೆ 84ರಷ್ಟು ಮಂದಿಗೆ ಡಿ ಕೊರತೆಯಿರುವುದನ್ನೂ ತಾಯಿಯ ಕೊರತೆಯೇ ಹೊಕ್ಕುಳಬಳ್ಳಿಯ ರಕ್ತದಲ್ಲಿ ಪ್ರತಿಫಲಿಸುವುದನ್ನೂ ತೋರಿಸಿತು. ಸೂರ್ಯನು ಯಾರಿಗೂ ಭೇದ ಮಾಡುವುದಿಲ್ಲ. ಭೇದ ಮಾಡುವುದು ಗೋಡೆ.

ಈ ಗೋಡೆಗೆ ಧರ್ಮದ ಆಧಾರವಿದೆಯೇ ಎಂಬುದು ಮುಂದಿನ ಪ್ರಶ್ನೆ. ಬಾಣಂತಿಯನ್ನು ಒಳಗಿರಿಸುವುದಕ್ಕೆ ಎರಡು ಕಾರಣಗಳು ಬೆರೆತುಕೊಂಡಿವೆ. ಒಂದು ವಿಶ್ರಾಂತಿ, ಹೆತ್ತ ಮೈಗೆ ಅದು ಬೇಕೇಬೇಕು. ಇನ್ನೊಂದು ಪುರುಡು, ಅಂದರೆ ಹೆರಿಗೆಯಿಂದ ಉಂಟಾಗುತ್ತದೆಂದು ನಂಬಲಾದ ಮೈಲಿಗೆ. ಈ ಎರಡನೆಯದನ್ನು ಹನ್ನೆರಡನೆಯ ಶತಮಾನದ ಶರಣರು ಬುಡಸಮೇತ ನಿರಾಕರಿಸಿದರು. ಜನನ, ಮರಣ, ರಜಸ್ಸು, ಜಾತಿ, ಎಂಜಲು ಎಂಬ ಪಂಚಸೂತಕಗಳು ಲಿಂಗವಂತರಿಗಿಲ್ಲವೆಂಬುದು ಆ ಧರ್ಮದ ಮೂಲತತ್ತ್ವಗಳಲ್ಲೊಂದು. ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು (1836–1921) ಬಾಳಿ ಲಿಂಗೈಕ್ಯರಾದ ಅಥಣಿಯ ಸೀಮೆಯಲ್ಲಿ ಈ ತತ್ತ್ವ ಹೊರಗಿನಿಂದ ತಂದು ಬೋಧಿಸಬೇಕಾದುದಲ್ಲ, ಮನೆಮನೆಯ ಪರಂಪರೆಯಾಗಿರುವಂಥದು. ಸೂತಕವನ್ನು ಒಪ್ಪದ ಧರ್ಮದಲ್ಲಿ ಬಾಣಂತಿಗೆ ಅಂಗಳ ನಿಷಿದ್ಧವಾಗಲು ಕಾರಣವೇ ಉಳಿಯುವುದಿಲ್ಲ. ವಿಶ್ರಾಂತಿಯನ್ನು ಉಳಿಸಿಕೊಂಡು ಕತ್ತಲನ್ನು ಬಿಡುವುದು ಸಂಪ್ರದಾಯಭಂಗವಲ್ಲ, ಸಂಪ್ರದಾಯದ ಮೂಲಕ್ಕೆ ಮರಳುವುದು.

ಅದೇ ಪರಂಪರೆಯ ಇನ್ನೊಂದು ಆಚರಣೆ ಈ ವಿಷಯದಲ್ಲಿ ಇನ್ನೂ ಆಳವಾದ ಅರ್ಥವುಳ್ಳದ್ದು. ವೀರಶೈವ ಸಂಪ್ರದಾಯದಲ್ಲಿ ಬಸುರಿಗೆ ಎಂಟನೆಯ ತಿಂಗಳು ನಡೆಯುತ್ತಿರುವಾಗ ಗರ್ಭದಲ್ಲಿರುವ ಕೂಸಿನ ಪರವಾಗಿ ತಾಯಿಯ ಮೈಮೇಲೆ ಲಿಂಗವನ್ನು ಧರಿಸುವ ಗರ್ಭಲಿಂಗಧಾರಣೆ ಎಂಬ ಸಂಸ್ಕಾರವಿದೆ. ಹುಟ್ಟುವ ಮುನ್ನವೇ ಕೂಸನ್ನು ಭಕ್ತನೆಂದು ಗುರುತಿಸಿ ಅದರ ಮೈಯನ್ನು ಪ್ರಸಾದಕಾಯವೆಂದು, ಅಂದರೆ ದೇವರಿಗೆ ಸಲ್ಲಿಸಿ ಮರಳಿ ಪಡೆದ ಅನ್ನದಿಂದ ಬೆಳೆದ ಕೆಡಿಸಬಾರದ ಶರೀರವೆಂದು, ಭಾವಿಸುವ ಗಳಿಗೆ ಅದು. ತಾಯಿಯ ರಕ್ತದಿಂದ ಕ್ಯಾಲ್ಸಿಯಂ ಅತ್ಯಂತ ಹೆಚ್ಚಾಗಿ ಹರಿಯುವುದೂ ಅದೇ ದಿನಗಳಲ್ಲಿ. ಲಿಂಗವನ್ನು ಕಟ್ಟುವ ಕೈ ಆ ತಾಯಿಯ ತಟ್ಟೆಯಲ್ಲಿ ಏನಿದೆಯೆಂದೂ ನೋಡಬೇಕಾದುದು ಆ ಸಂಸ್ಕಾರದ ಒಳಗೇ ಇರುವ ಕರ್ತವ್ಯ. ವೈದಿಕ ಸಂಪ್ರದಾಯವೂ ಕೂಸನ್ನು ಕತ್ತಲಲ್ಲಿ ಇಡಲು ಹೇಳುವುದಿಲ್ಲ. ನಾಲ್ಕನೆಯ ತಿಂಗಳಲ್ಲಿ ಮನೆಯಿಂದ ಹೊರತಂದು ಸೂರ್ಯದರ್ಶನ ಮಾಡಿಸುವ ನಿಷ್ಕ್ರಮಣವನ್ನು ಪಾರಸ್ಕರ ಗೃಹ್ಯಸೂತ್ರವು ವಿಧಿಸಿದೆ, ಮನುಸ್ಮೃತಿಯೂ ಹೇಳಿದೆ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪವುಂಟು. ಕೂಸು ಹುಟ್ಟಿದ ಐದನೆಯ ದಿನದ ಆಚರಣೆಯ ಹೊತ್ತಿಗೆ ಶೆಟಿಗೆವ್ವ ಎಂಬ ದೇವತೆ ಬಂದು ಹಣೆಬರಹ ಬರೆಯುತ್ತಾಳೆಂಬ ನಂಬಿಕೆ ಈ ಸೀಮೆಯ ಕನ್ನಡಿಗರಲ್ಲೂ ಮರಾಠಿ ನೆರೆಯವರಲ್ಲೂ ಇದೆ. ಎಳೆಗೂಸಿಗೆ ಫಿಟ್ಸ್ ಬಂದರೆ ಬಾಲಗ್ರಹವೆಂಬ ಮಾತೂ ಹಳೆಯದು. ಬರೆದದ್ದು ಬರೆದಂತೆಯೇ ಆಗುವುದಾದರೆ ಬಾಗಿದ ಕಾಲಿಗೆ ಯಾರನ್ನು ಹೊಣೆ ಮಾಡುವುದು, ಕೊಟ್ಟ ಔಷಧದಿಂದ ಆಗುವುದೇನು ಎಂದು ಕೇಳುವುದು ಸಹಜ. ಆದರೆ ಕರ್ಮವನ್ನು ಒಪ್ಪಿದ ಶಾಸ್ತ್ರಗಳೇ ಈ ಪ್ರಶ್ನೆಯನ್ನು ಎತ್ತಿಕೊಂಡು ಉತ್ತರಿಸಿವೆ. ಚರಕಸಂಹಿತೆಯ ವಿಮಾನಸ್ಥಾನವು ಆಯುಷ್ಯವು ದೈವ ಮತ್ತು ಪುರುಷಕಾರಗಳೆರಡನ್ನೂ, ಅಂದರೆ ಹಿಂದಿನ ಕರ್ಮವನ್ನೂ ಈಗಿನ ಪ್ರಯತ್ನವನ್ನೂ, ಅವಲಂಬಿಸಿದೆಯೆಂದೂ ದುರ್ಬಲವಾದ ದೈವವನ್ನು ಬಲವಾದ ಪ್ರಯತ್ನ ಗೆಲ್ಲಬಲ್ಲದೆಂದೂ ಸ್ಪಷ್ಟವಾಗಿ ಹೇಳುತ್ತದೆ. ಎಲ್ಲವೂ ಮೊದಲೇ ನಿಶ್ಚಿತವಾಗಿದ್ದರೆ ಔಷಧಕ್ಕೂ ಪಥ್ಯಕ್ಕೂ ಅರ್ಥವೇ ಇರುತ್ತಿರಲಿಲ್ಲವೆಂಬುದು ಅದರ ವಾದ. ಕಾರಣ ತಿಳಿಯದ ಕಾಲದಲ್ಲಿ ನೋವನ್ನು ದೈವಕ್ಕೆ ಒಪ್ಪಿಸುವುದು ಸಾಂತ್ವನವಾಗಿತ್ತು. ಕಾರಣ ತಿಳಿದ ಮೇಲೆ, ಹನಿಗಳಲ್ಲಿ ಅಳೆಯಬಹುದಾದ ಪರಿಹಾರ ಕೈಯಲ್ಲಿರುವಾಗ ಹಾಗೆ ಒಪ್ಪಿಸುವುದು ಭಕ್ತಿಯಲ್ಲ, ಹೊಣೆಗೇಡಿತನ. ಶೆಟಿಗೆವ್ವ ಬರೆಯುವ ಹಾಳೆ ಐದನೆಯ ದಿನಕ್ಕೆ ಬರಿದಾಗಿರುವುದಿಲ್ಲ. ಒಂಬತ್ತು ತಿಂಗಳು ತಾಯಿಗೆ ಉಣ್ಣಲಿಕ್ಕೆ ಕೊಟ್ಟದ್ದೂ ಕೊಡದೆ ಬಿಟ್ಟದ್ದೂ ಅದರ ಮೇಲೆ ಆಗಲೇ ದಾಖಲಾಗಿರುತ್ತದೆ.

ಇನ್ನೊಂದು ಆಕ್ಷೇಪವು ಹೊಗಳಿಕೆಯ ರೂಪದಲ್ಲಿ ಬರುತ್ತದೆ, ಆದ್ದರಿಂದ ಅದನ್ನು ಗುರುತಿಸುವುದು ಹೆಚ್ಚು ಕಷ್ಟ. ತಾಯಿಯೆಂದರೆ ತ್ಯಾಗಮೂರ್ತಿ, ಕೊಡುವುದೇ ಅವಳ ಧರ್ಮ, ಅವಳು ಲೆಕ್ಕವಿಡುವುದಿಲ್ಲ ಎಂಬುದು ಆ ಮಾತು. ತ್ಯಾಗವೆಂದು ಕರೆಯಬೇಕಾದರೆ ಕೊಡುವವನಿಗೆ ಕೊಡದಿರುವ ಸ್ವಾತಂತ್ರ್ಯವಿರಬೇಕು. ದಾನವೆಂದು ಕರೆಯಬೇಕಾದರೆ ಕೊಟ್ಟದ್ದರ ಅರಿವಿರಬೇಕು. ಮಾಸು ತಾಯಿಯ ಅನುಮತಿ ಕೇಳುವುದಿಲ್ಲ, ಎಲುಬಿನಿಂದ ಸುಣ್ಣದಂಶ ಕರಗಿ ಹೋಗುವುದು ಅವಳ ಗಮನಕ್ಕೂ ಬರುವುದಿಲ್ಲ. ಮಗುವನ್ನು ಪ್ರೀತಿಸುವುದು ಅವಳ ತ್ಯಾಗವಾಗಿರಬಹುದು, ಆದರೆ ಎಲುಬಿನ ಖನಿಜ ಅವಳಿಂದ ಪಡೆದ ಸಾಲ. ಸಾಲವನ್ನು ತ್ಯಾಗವೆಂದು ಹಾಡಿ ಹೊಗಳಿದರೆ ಸಾಲಗಾರನಿಗೆ ಅನುಕೂಲವಾಗುತ್ತದೆಯೇ ಹೊರತು ಕೊಟ್ಟವಳಿಗೆ ನ್ಯಾಯ ದೊರೆಯುವುದಿಲ್ಲ. ಗಂಡಸರು ಉಂಡ ಮೇಲೆ, ಮಕ್ಕಳು ಉಂಡ ಮೇಲೆ, ಹಾಲು ಮೊಸರು ಮುಗಿದ ಮೇಲೆ ಉಳಿದ ರೊಟ್ಟಿಗೆ ಖಾರ ಹಚ್ಚಿಕೊಂಡು ಸೊಸೆ ಉಣ್ಣುವ ಮನೆಯಲ್ಲಿ ಈ ಹೊಗಳಿಕೆ ಅತಿ ಜೋರಾಗಿ ಕೇಳಿಬರುತ್ತದೆ. ದಾಸೋಹತತ್ತ್ವದ ಪ್ರಕಾರ ದುಡಿದು ತಂದದ್ದು ಮೊದಲು ಸಲ್ಲಬೇಕಾದವರಿಗೆ ಸಂದು, ಆಮೇಲೆ ಉಳಿದವರಿಗೆ ಪ್ರಸಾದವಾಗಬೇಕು. ಎರಡು ಜೀವಗಳಿಗಾಗಿ ಉಣ್ಣುವವಳು ಕೊನೆಯ ಪಂಕ್ತಿಯಲ್ಲಿ ಕೂತರೆ ಆ ಮನೆಯ ದಾಸೋಹ ಅಪೂರ್ಣವಾದುದು.

ಈ ಋಣವನ್ನು ತೀರಿಸುವ ದಾರಿ ದೊಡ್ಡದೂ ಅಲ್ಲ, ದುಬಾರಿಯೂ ಅಲ್ಲ. ಈ ಸೀಮೆಯ ಮುಖ್ಯಾಹಾರವಾದ ಜೋಳದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ. 100 ಗ್ರಾಂ ಜೋಳದಲ್ಲಿ 30 ಮಿಲಿಗ್ರಾಮೂ ಇರುವುದಿಲ್ಲ, ಅದೇ ತೂಕದ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿರುತ್ತದೆ. ಆದ್ದರಿಂದ ರೊಟ್ಟಿಯ ಜೊತೆಗೆ ಏನಿದೆ ಎಂಬುದೇ ಮುಖ್ಯವಾಗುತ್ತದೆ. ಹಾಲು, ಮೊಸರು, ಮಜ್ಜಿಗೆ, ಎಳ್ಳು, ರಾಜಗಿರಿ, ಮೆಂತ್ಯದ ಸೊಪ್ಪುಗಳು ಆ ಕೊರತೆಯನ್ನು ತುಂಬಬಲ್ಲವು. ಬಾಣಂತಿಗೆ ಅಳವಿ ಪಾಯಸ, ಅಂಟಿನ ಉಂಡಿ ಮಾಡಿಕೊಡುವ ರೂಢಿಯ ಹಿಂದೆ ಈ ಅಕ್ಕರೆಯೇ ಇದೆ, ಆದರೆ ಅದು ಹೆರಿಗೆಯ ನಂತರ ಮಾತ್ರವಲ್ಲದೆ ಬಸುರಿನ ಕಾಲದಲ್ಲೂ ಆಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ಗರ್ಭಿಣಿಗೆ ದಿನಕ್ಕೆ 1,000 ಮಿಲಿಗ್ರಾಂ, ಹಾಲೂಡುವ ತಾಯಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಊಟವೊಂದರಿಂದಲೇ ಇದು ದೊರೆಯುವುದು ಕಷ್ಟವೆಂದೇ ಕೇಂದ್ರ ಸರ್ಕಾರವು 2014ರಲ್ಲಿ, ಬಸುರಿನ 14ನೆಯ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ, 500 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 250 ಯೂನಿಟ್ ವಿಟಮಿನ್ ಡಿ ಇರುವ ಮಾತ್ರೆಯನ್ನು ದಿನಕ್ಕೆ ಎರಡು ಬಾರಿ ಕೊಡುವ ಕ್ರಮವನ್ನು ಗೊತ್ತುಪಡಿಸಿತು. ಊಟದ ಜೊತೆ ನುಂಗಬೇಕಾದ ಈ ಮಾತ್ರೆಗೂ ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಮಾತ್ರೆಗೂ ಕನಿಷ್ಠ ಎರಡು ಗಂಟೆಯ ಅಂತರವಿರಬೇಕು. ಒಟ್ಟಿಗೆ ನುಂಗಿದರೆ ಒಂದು ಇನ್ನೊಂದನ್ನು ತಡೆಯುತ್ತದೆ.

ಕ್ಯಾಲ್ಸಿಯಂ ಎಲುಬಿನ ಮಾತಷ್ಟೇ ಅಲ್ಲ. ಬಸುರಿನಲ್ಲಿ ರಕ್ತದೊತ್ತಡ ಏರಿ ತಾಯಿಯ ಜೀವಕ್ಕೇ ಎರವಾಗುವ ನಂಜಿನ ಅಪಾಯವನ್ನೂ, ಊಟದಲ್ಲಿ ಸುಣ್ಣದಂಶ ಕಡಿಮೆಯಿರುವವರಲ್ಲಿ, ಅದು ತಗ್ಗಿಸುತ್ತದೆ. ಬೆಂಗಳೂರಿನಲ್ಲಿ ಚೊಚ್ಚಲ ಬಸುರಿಯರಾದ 11,000 ಮಹಿಳೆಯರನ್ನು ಒಳಗೊಂಡು ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವು ಈ ವಿಷಯದಲ್ಲಿ ದಿನಕ್ಕೆ 500 ಮಿಲಿಗ್ರಾಂ ಕೊಟ್ಟರೂ ಅದರ ಪರಿಣಾಮ 1,500 ಮಿಲಿಗ್ರಾಮಿನದಕ್ಕಿಂತ ಕಡಿಮೆಯೇನೂ ಆಗುವುದಿಲ್ಲವೆಂದು ತೋರಿಸಿತು. ತೀರಿಸಬೇಕಾದ ಕಂತು ಇಷ್ಟು ಚಿಕ್ಕದಾಗಿರುವಾಗ ಅದನ್ನು ತಪ್ಪಿಸುವುದಕ್ಕೆ ನೆಪವಿರುವುದಿಲ್ಲ. 2017ರ ಅಕ್ಟೋಬರ್ 2ರಂದು ಕರ್ನಾಟಕದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟದೊಂದಿಗೆ ಹಾಲನ್ನೂ ಕೊಡುವ ವ್ಯವಸ್ಥೆ ಮಾಡಿತು. ಸೊಸೆಯನ್ನು ಅಂಗನವಾಡಿಯವರೆಗೆ ನಡೆಯಲು ಬಿಡುವ ಮನೆ ಊಟವನ್ನೂ ಬಿಸಿಲನ್ನೂ ಏಕಕಾಲದಲ್ಲಿ ಕೊಟ್ಟಂತಾಗುತ್ತದೆ.

ಕೂಸಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿಯುವುದು ಕೂಸಿಗೆ ಹಿತವಾದುದೇ, ಆದರೆ ವಿಟಮಿನ್ ಡಿ ಹುಟ್ಟಿಸುವ ಕಿರಣಗಳು ಸೂರ್ಯನು ಮೇಲೇರಿ ಮನುಷ್ಯನ ನೆರಳು ಅವನ ಎತ್ತರಕ್ಕಿಂತ ಗಿಡ್ಡವಾದ ಹೊತ್ತಿನಲ್ಲಿ ಮಾತ್ರ ಸಾಕಷ್ಟು ಸಿಗುತ್ತವೆ. ಆ ಹೊತ್ತಿನ ಬಿಸಿಲು ತಾಯಿಗೆ ಸ್ವಲ್ಪ ಕಾಲ ಒಗ್ಗಬಹುದು, ಎಳೆಯ ಚರ್ಮಕ್ಕೆ ಒಗ್ಗುವುದಿಲ್ಲ. ಆದ್ದರಿಂದಲೇ ಮಕ್ಕಳ ವೈದ್ಯರು ಹುಟ್ಟಿದ ದಿನಗಳಿಂದ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿಗಳನ್ನು ಕೂಸಿಗೆ ಕೊಡಲು ಹೇಳುತ್ತಾರೆ. ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದೆಂಬುದು ಇಲ್ಲಿ ಸಲ್ಲದು. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಕುತ್ತಾಗುತ್ತದೆ, ಅಳತೆಯನ್ನು ವೈದ್ಯರೇ ಹೇಳಬೇಕು.

ಎಲುಬು ಪಿತೃಜವೆಂದ ಗ್ರಂಥವೂ ಮೂರೇ ಋಣಗಳನ್ನು ಎಣಿಸಿದ ಶ್ರುತಿಯೂ ತಮ್ಮ ಕಾಲದ ಅರಿವಿನಿಂದ ಮಾತನಾಡಿದವು. ಇಂದಿನ ಅರಿವು ಆ ಲೆಕ್ಕಕ್ಕೆ ನಾಲ್ಕನೆಯ ಋಣವೊಂದನ್ನು ಸೇರಿಸುವಂತೆ ಕೇಳುತ್ತದೆ. ಅದರ ಹೆಸರು ಮಾತೃಋಣ, ಅದರ ಅಸಲು 30 ಗ್ರಾಂ. ಅದನ್ನು ತೀರಿಸಬೇಕಾದುದು ಕೂಸಲ್ಲ, ಗಂಡ, ಅತ್ತೆ, ಮಾವ, ತವರು, ಊರು. ಅನಂತಪುರದಲ್ಲಾಗಲಿ ಕಾಗವಾಡದಲ್ಲಾಗಲಿ ರಾಯಬಾಗದಲ್ಲಾಗಲಿ, ಮನೆಯಲ್ಲಿ ಬಸುರಿಯಿದ್ದರೆ ಇಂದಿನ ಊಟದಲ್ಲಿ ಮೊದಲ ಬಟ್ಟಲು ಮೊಸರು ಅವಳಿಗೆ ಸಲ್ಲಲಿ. ಬಾಣಂತಿಯಿದ್ದರೆ ಕೋಣೆಯ ಕಿಟಕಿ ತೆರೆಯಲಿ, ಅಂಗಳದಲ್ಲಿ ಅವಳಿಗೊಂದು ಹೊರಸು ಹಾಕಲಿ.